ಹೆದ್ದಾರಿಗೆ ಕೈ ಅಡ್ಡ ಹಾಕಿದ ಅಜ್ಜಿ

ಬ್ರೇಕ್ ತುಳಿದದ್ದಷ್ಟೇ ನೆನಪು. ಮಂಡ್ಯದಿಂದ ಮದ್ದೂರಿನ ಕಡೆಗೆ ಹೊಸ ಹೆದ್ದಾರಿಯಲ್ಲಿ ಹೋಗುತ್ತಿದ್ದ ನನ್ನ ಕಾರು ಕಿರುಚಿಕೊಂಡು ನಿಂತಾಗ, ಒಂದು ಮಾರು ಮುಂದೆ ಅಜ್ಜಿಯೊಬ್ಬರು ಕೈ ಅಡ್ಡ ಹಾಕಿ ನಿಂತಿದ್ದರು. ಇನ್ನೊಂದು ಕೈಯಲ್ಲಿ ಸೊಪ್ಪಿನ ಚೀಲ. ಪಕ್ಕದಲ್ಲೇ ಲಾರಿಯೊಂದು ಅವರ ಸೆರಗು ಹಾರಿಸಿಕೊಂಡು ಹೋಯಿತು. ಅವರು ಕದಲಲಿಲ್ಲ. ನಿಧಾನಕ್ಕೆ ಬಂದು, ಬಾಗಿಲು ತೆಗೆದು, ನನ್ನ ಪಕ್ಕ ಕುಳಿತರು.

“ಮದ್ದೂರ್ಗಂಟ ಬುಟ್ಬುಡಪ್ಪ.”

ಗಾಡಿ ಬದಿಗೆ ಹಾಕಿ ರೇಗಿದೆ. “ಸಾಯೋಕೆ ಬಂದಿದ್ರಾ ಅಜ್ಜಿ? ಬಸ್ಸು ಬರೋದು ಸರ್ವಿಸ್ ರಸ್ತೇಲಿ. ಬೇಲಿ ಯಾಕೆ ದಾಟಿದ್ರಿ?”

“ಮದ್ವೆಯಾಗಿ ಬಂದಾಗಿಂದ್ಲೂ ನಾನು ಬಸ್ಗೆ ಕೈ ಅಡ್ಡ ಆಕೋದು ಇಲ್ಲೇ ಕಣಪ್ಪ. ನಾನೇನು ಜಾಗ ಬದ್ಲಾಯ್ಸಿಲ್ಲ. ರೋಡೇ ಬಂದು ನನ್ ಮೇಲ್ ಬಿದ್ದದೆ.” ಆಮೇಲೆ ನನ್ನ ಕಡೆ ನೋಡಿ, “ಗಾಡಿ ಯಾಕಪ್ಪ ನಿಲ್ಸ್ಬುಟ್ಟೆ? ಉಸಾರಿಲ್ವಾ?” ಎಂದರು.

ಆ ಜಾಗ ಬಂದಾಗಲೆಲ್ಲ ನನ್ನ ಕಾಲು ಈಗಲೂ ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಹಿಂದಿನ ಗಾಡಿಯವರು ಹಾರ್ನ್ ಬಾರಿಸಿ ಬೈದುಕೊಂಡು ಹೋಗುತ್ತಾರೆ. ಅಲ್ಲೊಂದು ಬಸ್ ಸ್ಟಾಪ್ ಇದೆಯೆಂದು ಅವರಿಗೆ ಗೊತ್ತಿಲ್ಲ.