ಮಾಪಣ್ಣ ತಿದ್ದಿದ ಕೈಪಿಡಿ

ಮಾಪಣ್ಣ ಇಪ್ಪತ್ತಾರು ವರ್ಷ ಕಮಲಾಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ನಿವೃತ್ತರಾದ ಮೇಲೆ ಕಲಬುರಗಿಗೆ, ಮಗಳು ರಮಾಬಾಯಿಯ ಮನೆಗೆ ಬಂದರು. ರಮಾಬಾಯಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ತಾರೀಖುಗಳನ್ನು ಕನ್ನಡದಲ್ಲಿ ತೋರಿಸುವ ಒಂದು ಲೈಬ್ರರಿ ಬರೆದಿದ್ದಳು. ಪುಸ್ತಕದ ಲೈಬ್ರರಿಯಲ್ಲ, ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದಾದ ಕೋಡಿನ ಗಂಟು. ಆದರೆ ಹೊಸಬರಿಂದ ದಿನಾ ಒಂದೇ ಪತ್ರ: ‘ಬರಲಿಲ್ಲ.’

ಅದನ್ನು ಸೇರಿಸಿಕೊಳ್ಳುವುದು ಹೇಗೆಂದು ತಾನು ಬರೆದಿದ್ದ ಅರ್ಧ ಪುಟದ ಕೈಪಿಡಿಯನ್ನು ಅವಳು ತಂದೆಯ ಕೈಗೆ ಕೊಟ್ಟಳು.

“ಅಪ್ಪಾ, ಏನೂ ಗೊತ್ತಿಲ್ಲದವರಿಗಿ ಇದು ತಿಳೀತದೇನು ನೋಡು.”

“‘ಈ ಸಾಲು ಟೈಪ್ ಮಾಡಿ’ ಅಂತ ಬರದಿ. ಎಲ್ಲಿ?”

“ಟರ್ಮಿನಲ್‌ನ್ಯಾಗ. ಕಂಪ್ಯೂಟರಿಗಿ ಹುಕುಂ ಬರಿಯೂ ಕಪ್ಪು ಕಿಟಕಿ.”

ಮಾಪಣ್ಣ ನೆಟ್ಟಗೆ ಕೂತರು. “ಟರ್ಮಿನಲ್ ಅಂದ್ರ ನಮ್ಮ ಖಾತೆ ಬಂತು. ಬಸ್ ಎಲ್ಲಿಗಿ ಹೋಗ್ತದಂತ ಮಂದಿ ಕೇಳೂದಿಲ್ಲವ್ವಾ, ಎಲ್ಲಿ ನಿಂದರಬೇಕು ಅಂತ ಕೇಳ್ತಾರ.”

ಒಂದು ತಿಂಗಳು ಕೂತು ಬರೆದರು. ‘ಕಪ್ಪು ಕಿಟಕಿ ತೆರೆದರೆ ಹೆದರಬೇಡಿ. ಎಂಟನೇ ಹಂತ: ಎರಡು ನಿಮಿಷ ಸುಮ್ಮನಿದ್ದು ನೀರು ಕುಡಿಯಿರಿ. ಕೆಂಪು ಅಕ್ಷರ ಬಂದರೆ ಕೊನೆಯ ಸಾಲು ಮಾತ್ರ ಓದಿ. ಉಳಿದದ್ದು ಅದರ ಸಿಟ್ಟು.’ ಅರ್ಧ ಪುಟ ಇಪ್ಪತ್ಮೂರು ಪುಟವಾಯಿತು. ರಮಾಬಾಯಿ ಅನುಮಾನಿಸುತ್ತಲೇ ಅದನ್ನು ಜಾಲಕ್ಕೆ ಏರಿಸಿದಳು.

‘ಬರಲಿಲ್ಲ’ ಎಂಬ ಪತ್ರಗಳು ನಿಂತೇಹೋದವು. ಬದಲಿಗೆ ಒಬ್ಬ ಬರೆದ: ‘ಎಂಟನೇ ಹಂತದಲ್ಲಿ ಸಿಕ್ಕಿಕೊಂಡಿದ್ದೇನೆ. ನಮ್ಮ ಓಣಿಗೆ ನೀರು ಬಿಟ್ಟು ಮೂರು ದಿನವಾಯಿತು. ಮುಂದೆ ಹೋಗಬಹುದೇ?’

ಮಾಪಣ್ಣ ಇದನ್ನು ಗಂಭೀರ ದೋಷವೆಂದೇ ತಿಳಿದು, ‘ಮಜ್ಜಿಗೆಯೂ ನಡೆಯುತ್ತದೆ’ ಎಂದು ತಿದ್ದಿದರು. ಮಜ್ಜಿಗೆ ಕುಡಿದರೆ ನಿದ್ದೆ ಬರುತ್ತದೆಂದು ಇನ್ನೊಬ್ಬಳು ತಕರಾರು ತೆಗೆದಳು. ಚರ್ಚೆ ಹನ್ನೊಂದು ದಿನ ನಡೆಯಿತು. ಕೊನೆಗೆ ಚಹಾ ಎಂದು ತೀರ್ಮಾನವಾಯಿತು.

ಒಂದು ಮಧ್ಯಾಹ್ನ ನೆಹರು ಗಂಜ್ ಮಾರುಕಟ್ಟೆಯ ಬೇಳೆ ವ್ಯಾಪಾರಿ ಗುಫ್ರಾನ್ ಕೈಪಿಡಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದ.

“ಚಾಚಾ, ಇಪ್ಪತ್ಮೂರೂ ಪುಟ ಮಾಡಿ ಮುಗಿಸೀನ್ರಿ. ಎಲ್ಲಾ ಬರೋಬರಿ ಬಂತು. ಇದರಿಂದ ಆಗೂದೇನ್ರಿ?”

“ಅದು ನನ್ನ ಕಡಿ ಇಲ್ಲರೀ. ಎನ್‌ಕ್ವೈರಿಗಿ ಕೇಳ್ರಿ,” ಎಂದು ಮಾಪಣ್ಣ ಫೋನನ್ನು ಮಗಳಿಗೆ ಕೊಟ್ಟರು.

ರಮಾಬಾಯಿ ಗಾಬರಿಯಾಗಿ ಉಳಿದವರಿಗೂ ಬರೆದು ಕೇಳಿದಳು. ಲೈಬ್ರರಿಯನ್ನು ಯಾರೂ ಬಳಸಿಯೇ ಇರಲಿಲ್ಲ. ಕಪ್ಪು ಕಿಟಕಿ ತಮ್ಮ ಮಾತು ಕೇಳಿತಲ್ಲ, ಅಷ್ಟಕ್ಕೇ ಎಲ್ಲರೂ ಸುಖವಾಗಿದ್ದರು.

“ಇದು ಯಾತಕ್ಕಂತ ಮೊದಲನೇ ಸಾಲಿನ್ಯಾಗ ಬರಿ ಅಪ್ಪಾ!”

“ಮೊದಲ ಮಂದಿ ಬಸ್ ಹತ್ತಲಿ. ಆಮ್ಯಾಲ ಹೇಳೋಣು.”

ಊಟದ ತನಕ ಜಗಳವಾಡಿ ಇಬ್ಬರೂ ನಾಲ್ಕನೇ ಪುಟಕ್ಕೆ ಒಪ್ಪಿದರು. ಮರುವಾರ ಗುಫ್ರಾನನ ಅಂಗಡಿಯ ಚೀಟಿಗಳ ಮೇಲೆ ಕನ್ನಡದ ತಾರೀಖು ಬಂತು. ಲೈಬ್ರರಿಯನ್ನು ನಿಜಕ್ಕೂ ಬಳಸಿದವರಲ್ಲಿ ಅವನೇ ಮೊದಲಿಗ.