ಪಂಜರದವನು ಹೊರಗೆ ಬಾರದ ದಿನಗಳು

ನಮ್ಮ ಪಕ್ಕದ ಮನೆಯವನನ್ನು ಬೀದಿಯವರೆಲ್ಲ ಪಂಜರದವನು ಎನ್ನುತ್ತಾರೆ. ಅವನ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಎದೆಯೆತ್ತರದ ಒಂದು ಗೋಡೆ. ಹತ್ತೊಂಬತ್ತು ವರ್ಷದಿಂದ ನೆರೆಯವನು. ಅವನನ್ನು ಹೊಗಳುವವರು ಬೀದಿ ತುಂಬ ಇದ್ದಾರೆ. ನಾನು ಹೊಗಳುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯಲಿ.

ಅವನು ಹಕ್ಕಿ ಮಾರುತ್ತಿದ್ದ. ಹದಿನಾರನೇ ವಯಸ್ಸಿಗೆ ಒಂದು ಹಕ್ಕಿ ಅಂಗಡಿ ಸೇರಿ ತಂತಿ ಬಗ್ಗಿಸಲು ಕಲಿತು, ಆಮೇಲೆ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟ. ಪಂಜರಗಳನ್ನೂ ತಾನೇ ಮಾಡುತ್ತಿದ್ದ. ಒಂದು ಇಕ್ಕಳ, ಒಂದು ಸುರುಳಿ ತಂತಿ, ಅಷ್ಟೇ ಅವನ ಸಲಕರಣೆ. ಎಡಗೈ ತೋರುಬೆರಳಿನ ತುದಿ ಇಲ್ಲ. ಗಿಳಿ ಕಚ್ಚಿ, ಕೀವಾಗಿ, ಡಾಕ್ಟರು ಕತ್ತರಿಸಿದ್ದು. ಹಕ್ಕಿಗಳ ಮುಂದೆ ಕೂಗಬಾರದು ಎಂದು ಕಲಿತವನು ಮನುಷ್ಯರ ಮುಂದೆಯೂ ಪಿಸುಗುಡುತ್ತಾನೆ. ಮದುವೆಯಾಗಲಿಲ್ಲ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ತಂಗಿ ಜೊತೆಗಿದ್ದಾಳೆ. ಅಣ್ಣನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಾಳೆ.

ಆರು ವರ್ಷದ ಹಿಂದೆ ಹಕ್ಕಿ ಮಾರಕೂಡದು ಎಂದು ಕಾನೂನು ಬಂತು. ಬೇರೆ ಅಂಗಡಿಯವರು ಕದ್ದುಮುಚ್ಚಿ ಮಾರಿದರು. ಇವನು ಒಂದು ಬೆಳಿಗ್ಗೆ ಪಂಜರಗಳನ್ನೆಲ್ಲ ಹಿತ್ತಲಿಗೆ ತಂದು ಬಾಗಿಲು ತೆರೆದ. ಇಪ್ಪತ್ತೆರಡು ಗಿಳಿ. ಈ ಕಡೆಯ ಹಕ್ಕಿಯಲ್ಲ, ಎಲ್ಲಿಂದಲೋ ಹಡಗಿನಲ್ಲಿ ಬಂದ ಜಾತಿ. ಬೀದಿಯವರು ಚಪ್ಪಾಳೆ ತಟ್ಟಿದರು. ಪತ್ರಿಕೆಯಲ್ಲಿ ಫೋಟೊ ಬಂತು. ಪುಣ್ಯ ಅವನ ಪಾಲಿಗೆ, ಕಿರುಚಾಟ ನಮ್ಮ ಪಾಲಿಗೆ.

ಹಾರಿಹೋದವು ಎಲ್ಲಿಗೂ ಹೋಗಲಿಲ್ಲ. ಬೀದಿಯ ಗೋಡೆಗಳ ತೂತುಗಳಲ್ಲಿ ಗುಬ್ಬಿಗಳಿದ್ದವು. ಅವುಗಳ ಮರಿಗಳನ್ನು ಎಳೆದು ಕೆಳಗೆ ಹಾಕಿ ತಾವು ಸೇರಿಕೊಂಡವು. ಇವನು ದಿನಾ ಬೆಳಿಗ್ಗೆ ನಮ್ಮಿಬ್ಬರ ನಡುವಿನ ಗೋಡೆಯ ಮೇಲೆ ಒಂದು ತಗಡಿನ ತಟ್ಟೆ ಇಟ್ಟು ಕಾಳು ಸುರಿಯುತ್ತಿದ್ದ. ಇಪ್ಪತ್ತೆರಡು ನೂರಾಯಿತು, ನೂರು ದಾಟಿತು. ಮುದ್ದಾಗಿ ಮಾತಾಡುವ ಮಗುವನ್ನು ಜನ ಅರಗಿಣಿ ಎನ್ನುತ್ತಾರೆ. ಹಾಗೆನ್ನುವವರು ಬೆಳಿಗ್ಗೆ ಐದೂವರೆಗೆ ನನ್ನ ಹಿತ್ತಲಿಗೆ ಬರಲಿ. ಕತ್ತರಿಗೆ ಸಾಣೆ ಹಿಡಿದ ಸದ್ದು. ಒಂದಲ್ಲ, ನೂರು ಕತ್ತರಿ.

ನಮ್ಮನೆಯವರು ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಕತ್ತಲೆ ಬಾವಿಯಂಥ ಜಾಗದಲ್ಲಿ ಹಗ್ಗ ಕಟ್ಟಿಕೊಂಡು ನಿಂತು ಕೆಲಸ. ಅದಕ್ಕೇ ಇರಬೇಕು, ಹಿತ್ತಲಲ್ಲಿ ಸೂರ್ಯಕಾಂತಿಯನ್ನೇ ಬೆಳೆಸುತ್ತಿದ್ದರು. ಪ್ರತಿ ವರ್ಷ ಯಾವ ಹೂವು ಹೆಚ್ಚು ತಲೆ ಬಗ್ಗಿಸುತ್ತದೋ ಅದರ ಬೀಜ ಮಾತ್ರ ಇಟ್ಟುಕೊಳ್ಳುವುದು. ತಲೆ ನೆಲ ನೋಡಿದರೆ ಗುಬ್ಬಿಗೆ ಕೂರಲು ಜಾಗ ಸಿಗುವುದಿಲ್ಲ. ಹೀಗೆ ಇಪ್ಪತ್ತಾರು ವರ್ಷ ಆರಿಸಿದರು. ಕೊನೆಗೆ ನಮ್ಮ ಹೂವುಗಳು ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಿಲ್ಲುತ್ತಿದ್ದವು. ಆ ಬೀಜ ಬೇರೆ ಯಾರ ಹತ್ತಿರವೂ ಇಲ್ಲ.

ಗಿಳಿಗೆ ಅದೆಲ್ಲ ಯಾವ ಲೆಕ್ಕ. ತಲೆಕೆಳಗಾಗಿ ನೇತಾಡಿಕೊಂಡೇ ತಿನ್ನುತ್ತದೆ. ಅದಕ್ಕೆ ಅವರು ಹೂವಿನ ತಲೆಗೆ ಬಟ್ಟೆ ಚೀಲ ಕಟ್ಟಲು ಶುರುಮಾಡಿದರು. ಹಳೆ ಪರದೆ ಕತ್ತರಿಸಿ ಚೀಲ ಹೊಲಿದುಕೊಡುವುದು ನನ್ನ ಕೆಲಸ.

ಆಮೇಲೆ ಅವರ ಹೊಟ್ಟೆಯ ಕಾಯಿಲೆ. ಇನ್ನೇನೂ ಮಾಡಲಾಗದು ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದರು. ಬಂದ ಮೇಲೆ ಮೂವತ್ತೊಂದು ದಿನ ಇದ್ದರು. ಹಿಂದಿನ ಕೋಣೆಯ ಕಿಟಕಿಯ ಬಳಿ ಮಂಚ ಹಾಕಿದ್ದೆ. ರಾತ್ರಿಯಿಡೀ ನೋವು. ಮಾತ್ರೆ ಹಿಡಿದು ಕಣ್ಣು ಮುಚ್ಚುವಾಗ ಬೆಳಗಿನ ಐದು. ಐದೂವರೆಗೆ ಗಿಳಿಗಳು.

ನಾನೇ ಹೋಗಿ ಅವನ ಬಾಗಿಲು ತಟ್ಟಿದೆ. ಕಾಳು ಹಾಕುವುದನ್ನು ನಿಲ್ಲಿಸು, ಒಂದು ಜೀವ ನಿದ್ದೆ ಮಾಡಲಿ ಎಂದೆ. ತಲೆಯಾಡಿಸಿದ. ಎರಡು ದಿನ ನಿಲ್ಲಿಸಿದ. ಎರಡು ದಿನವೂ ಅವು ಗೋಡೆಯ ಮೇಲೆ ಸಾಲಾಗಿ ಕೂತು ಎರಡರಷ್ಟು ಕಿರುಚಿದವು. ಮೂರನೇ ಬೆಳಿಗ್ಗೆ ನೋಡಿದರೆ ತಟ್ಟೆ ಗೋಡೆಯ ಮೇಲಿದೆ. ಕೇಳಿದ್ದಕ್ಕೆ, ಹಸಿದದ್ದನ್ನು ನೋಡಲಾಗಲಿಲ್ಲ ಎಂದ. ಹಕ್ಕಿಯ ಹಸಿವು ಕಂಡಿತು, ಮನುಷ್ಯನ ನಿದ್ದೆ ಕಾಣಲಿಲ್ಲ. ಅವತ್ತಿನಿಂದ ಮಾತು ಬಿಟ್ಟೆ. ನಮ್ಮನೆಯವರು ಹೋದ ದಿನ ಅವನು ಬಂದು ಹೊಸಿಲ ಬಳಿ ನಿಂತಿದ್ದ. ಒಳಗೆ ಬಾ ಎನ್ನಲಿಲ್ಲ.

ಅವರು ಮಲಗಿದ್ದ ವರ್ಷ ಯಾರೂ ಬೀಜ ಹಾಕಿರಲಿಲ್ಲ. ಡಬ್ಬಿಯಲ್ಲಿ ಉಳಿದದ್ದು ಅದಕ್ಕೂ ಹಿಂದಿನ ವರ್ಷದ್ದು. ಅರ್ಧ ಹುಳು ತಿಂದಿತ್ತು. ಈ ವರ್ಷ ಇದ್ದದ್ದನ್ನೆಲ್ಲ ಹಾಕಿದೆ. ಒಂಬತ್ತು ಗಿಡ ಎದ್ದವು. ಈ ಒಂಬತ್ತು ಬೀಜ ಕಟ್ಟದಿದ್ದರೆ ಇಪ್ಪತ್ತಾರು ವರ್ಷ ಅಲ್ಲಿಗೆ ಮುಗಿಯಿತು. ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಆ ಬೀಜ ಉಳಿಯಬೇಕು, ಅಷ್ಟೇ.

ಮೊದಲ ಮೊಗ್ಗು ಬಿರಿಯುವ ದಿನವೇ ಗಿಳಿಗಳು ಅದನ್ನು ಚಿಂದಿ ಮಾಡಿದವು. ತಿನ್ನಲೂ ಇಲ್ಲ. ಕಿತ್ತು ಕಿತ್ತು ಬಿಸಾಡಿದವು. ಉಳಿದದ್ದು ಎಂಟು. ನಾನು ಸ್ಟೂಲು ಹಾಕಿಕೊಂಡು, ಮೊಗ್ಗು ಬಾಯಿ ಬಿಡುತ್ತಿದ್ದ ಆರಕ್ಕೆ ಅವತ್ತೇ ಚೀಲ ಕಟ್ಟಿದೆ. ಗೋಡೆಯ ನೆರಳಲ್ಲಿದ್ದ ಎರಡು ಗಿಡ ಹಿಂದೆ ಬಿದ್ದಿದ್ದವು. ಹಸಿರು ಮೊಗ್ಗಿಗೇ ಚೀಲ ಹಾಕಿ ಬಿಗಿದೆ.

ಗೋಡೆಯಾಚೆಯಿಂದ ಪಿಸುಮಾತು ಬಂತು. "ಅಕ್ಕ, ಈಗ್ಲೇ ಕಟ್ಬೇಡಿ. ಜೇನು ಬರ್ಬೇಕು."

ಎಂಟು ತಿಂಗಳ ಮೇಲೆ ಅವನು ಆಡಿದ ಮೊದಲ ಮಾತು. ಕುರಿ ಕಾಯಲು ತೋಳ ಬುದ್ಧಿ ಹೇಳಿದ ಹಾಗೆ.

"ಯಾಕೆ, ನಿನ್ನ ಮಕ್ಕಳಿಗೆ ಊಟ ಸಾಲ್ತಿಲ್ವಾ?" ಎಂದೆ.

ಅವನು ಒಳಗೆ ಹೋದ. ನಾನು ಇನ್ನೊಂದು ಗಂಟು ಹಾಕಿದೆ.

ನಾಲ್ಕೈದು ವಾರ ಕಳೆಯಿತು. ಆರೂ ತಲೆ ಬಗ್ಗಿಸಿ, ಬೆನ್ನು ಹಳದಿಯಾಯಿತು. ಒಂದು ಚೀಲ ಬಿಚ್ಚಿದೆ. ನೋಡಲು ಸಾಲುಸಾಲು ಬೀಜ. ಒಂದು ತೆಗೆದು ಹಲ್ಲಿಗಿಟ್ಟೆ. ಒಳಗೆ ಗಾಳಿ. ಇನ್ನೊಂದು, ಮತ್ತೊಂದು. ಆರು ತಲೆಯನ್ನೂ ನೆಲದ ಮೇಲೆ ಹಾಕಿಕೊಂಡು ಸಂಜೆಯ ತನಕ ಒಂದೊಂದೇ ಒಡೆದೆ. ಎಲ್ಲ ಜೊಳ್ಳು. ಗಿಳಿ ಬಾರದ ಹಾಗೆ ಕಟ್ಟಿದ್ದೆ, ಜೇನೂ ಬಂದಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ವರ್ಷವರ್ಷ ಚೀಲ ಹೊಲಿದವಳು ನಾನು. ಅದನ್ನು ಯಾವಾಗ ಕಟ್ಟುತ್ತಾರೆಂದು ಒಂದು ದಿನವೂ ನೋಡಿರಲಿಲ್ಲ.

ನೆರಳಿನ ಎರಡು ಗಿಡಗಳ ಮೊಗ್ಗು ಆಗಷ್ಟೇ ಬಾಯಿ ಬಿಡುತ್ತಿತ್ತು. ಉಳಿದದ್ದು ಅವೆರಡೇ.

ಮರುದಿನ ಬೆಳಿಗ್ಗೆ ಅವನ ಬಾಗಿಲು ತಟ್ಟಿದೆ. ತಟ್ಟುವಾಗ ಕೈ ಸುಟ್ಟ ಹಾಗಾಯಿತು. ಮುಂದಿನ ಕೋಣೆಯಲ್ಲಿ ಖಾಲಿ ಪಂಜರಗಳು ಒಂದರ ಮೇಲೊಂದು ಪೇರಿಸಿದ್ದವು. ಈಗ ಅವನು ಮನೆಮನೆಗೆ ಹೋಗಿ ಕಿಟಕಿಗೆ ಸೊಳ್ಳೆ ಜಾಲರಿ ಹಾಕಿ ಬದುಕುತ್ತಾನೆ. ಜಾಲರಿ ಅಳತೆ ಮಾಡುತ್ತ ಕೂತಿದ್ದವನು ಎದ್ದು ನಿಂತ. ನಮ್ಮನೆಯವರು ಚೀಲ ಯಾವಾಗ ಕಟ್ಟುತ್ತಿದ್ದರು ಎಂದು ಕೇಳಿದೆ. ಹೂವು ಪೂರ್ತಿ ಅರಳಿ, ಜೇನು ಬಂದು ಹೋಗಿ, ಎಸಳು ಬಾಡಿದ ಮೇಲೆ ಎಂದ. ಅಲ್ಲಿಯ ತನಕ ಹತ್ತು ದಿನ ಬೇಕು.

"ಆ ಹತ್ತು ದಿನ ಹೂವನ್ನ ಯಾರು ಕಾಯ್ತಿದ್ರು?"

"ಅಣ್ಣನೇ. ರಜಾ ಹಾಕಿ ಕೂರ್ತಿದ್ರಲ್ಲ ಅಕ್ಕ. ಚೀಲ ಕಟ್ಟಿದ್ರೆ ಜೇನು ಎಲ್ಲಿಂದ ಬರುತ್ತೆ, ಹೂವು ಬಾಡೋ ತನಕ ನಾನೇ ಚೀಲ ಅಂತಿದ್ರು."

ವರ್ಷಕ್ಕೊಮ್ಮೆ ಅವರು ಹತ್ತು ದಿನ ರಜೆ ಹಾಕುತ್ತಿದ್ದರು. ಹಿತ್ತಲಲ್ಲಿ ಕುರ್ಚಿ ಹಾಕಿ ಸುಮ್ಮನೆ ಕೂರುತ್ತಿದ್ದರು. ಮಗಳ ಮನೆಗೆ ಹೋಗಿ ಬರೋಣ ಎಂದರೆ ಏಳುತ್ತಿರಲಿಲ್ಲ. ಬೇರುಬಿಟ್ಟ ಸೋಮಾರಿ ಎಂದು ಪ್ರತಿ ವರ್ಷ ಬೈದಿದ್ದೇನೆ. ಅವರು ಉತ್ತರ ಕೊಟ್ಟವರಲ್ಲ. ನಾನು ಕೇಳಿದವಳೂ ಅಲ್ಲ. ಈ ಮಾತು ನನಗೆ ಈ ಮನುಷ್ಯನ ಬಾಯಿಂದ ತಿಳಿಯಬೇಕಾಯಿತು.

ಹಾಗಾದರೆ ನಾನೂ ಕೂರುತ್ತೇನೆ ಎಂದೆ. ಅವನು ತಲೆಯಲ್ಲಾಡಿಸಿದ. ಈಗ ಅವು ನೂರರ ಮೇಲಿವೆ, ಒಬ್ಬರು ಕೂತರೆ ಹೆದರುವುದಿಲ್ಲ, ಅದೂ ಅಲ್ಲದೆ ತಾನು ಹಿತ್ತಲಿಗೆ ಬಂದರೆ ಸಾಕು, ತಟ್ಟೆ ಇಲ್ಲದಿದ್ದರೂ ಬರುತ್ತವೆ, ದಿನಸಿ ತರಲು ಹೊರಟರೆ ತಲೆಯ ಮೇಲೆ ಹಾರಿಕೊಂಡು ಜೊತೆಗೇ ಬರುತ್ತವೆ ಎಂದ. ಅದು ನಿಜ. ಬೀದಿಗೆಲ್ಲ ಗೊತ್ತು.

"ಹಾಗಾದ್ರೆ ಕಾಣಿಸ್ಕೋಬೇಡ," ಎಂದೆ.

"ಎಷ್ಟು ದಿನ?"

"ನಾನು ಹೇಳೋ ತನಕ."

ಅವನು ಜಾಲರಿ ಸುತ್ತಿಟ್ಟ. ಆಮೇಲೆ ಹಿಂದಿನ ಕಿಟಕಿಗೆ ಹೋಗಿ ಪರದೆ ಎಳೆದ.

ನಾನು ಬಂದು ಎರಡು ಚೀಲ ಬಿಚ್ಚಿ, ಅವರ ಕುರ್ಚಿ ಹಾಕಿ ಕೂತೆ. ಕೈಯಲ್ಲಿ ಒಂದು ಉದ್ದದ ಕೋಲು, ತುದಿಗೆ ಬಟ್ಟೆ. ಮೊದಲ ಎರಡು ದಿನ ಗೋಡೆ ತುಂಬ ಗಿಳಿ. ಅವನ ಕಿಟಕಿ ನೋಡಿ ಕಿರುಚುವುದು, ನನ್ನನ್ನು ನೋಡಿ ಕಿರುಚುವುದು. ಅವು ಬೈದವು, ನಾನೂ ಬೈದೆ. ನನ್ನ ಬಾಯಲ್ಲಿ ಅಷ್ಟು ಬೈಗುಳ ಇದೆಯೆಂದು ನನಗೇ ಗೊತ್ತಿರಲಿಲ್ಲ. ಎರಡನೇ ಸಂಜೆ ಒಂದು ಎಗರಿ ಬಂದು ಎರಡು ಎಸಳು ಕಿತ್ತುಕೊಂಡು ಹೋಯಿತು. ಕೋಲು ಬೀಸಿದ ರಭಸಕ್ಕೆ ನಾನೇ ಕುರ್ಚಿ ಸಮೇತ ಬಿದ್ದೆ.

ಅವನ ತಂಗಿ ಕೆಲಸಕ್ಕೆ ಹೋಗುವಾಗ ಕಾಳಿನ ತಟ್ಟೆಯನ್ನು ಬೀದಿ ಕೊನೆಯ ಖಾಲಿ ಸೈಟಿಗೆ ಒಯ್ದು ಇಡತೊಡಗಿದಳು. ಗೋಡೆಯಾಚೆ ನಿಂತು ಹೇಳಿದಳು, "ನಲವತ್ತು ವರ್ಷ ನಮ್ಮಣ್ಣ ಕಾಳು ಹಾಕ್ದ. ಈಗ ಅವನು ಪಂಜರದಲ್ಲಿ, ಕಾಳು ಹಾಕೋಳು ನಾನು. ರೆಕ್ಕೆ ಕತ್ತರಿಸೋದೊಂದು ಬಾಕಿ ಅಕ್ಕ." ಜಾಲರಿ ಕೆಲಸ ಎರಡು ಮನೆಯದು ಕೈಬಿಟ್ಟು ಹೋಯಿತು ಎಂದೂ ಹೇಳಿದಳು. ನಾನು ನಗಲಿಲ್ಲ.

ಮೂರನೇ ದಿನ ಎಚ್ಚರವಾದಾಗ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಏಳೂವರೆ. ಸದ್ದೇ ಇಲ್ಲ. ಗಿಳಿಗಳೆಲ್ಲ ಖಾಲಿ ಸೈಟಿಗೆ ಹೋಗಿದ್ದವು. ಮನೆಯಲ್ಲಿ ಅಷ್ಟು ಮೌನವನ್ನು ಆರು ವರ್ಷದಿಂದ ಕೇಳಿರಲಿಲ್ಲ.

ಮಲಗಿದಲ್ಲೇ ಲೆಕ್ಕ ಹಾಕಿದೆ. ಎರಡು ದಿನ ಕಿರುಚಿ, ಮೂರನೇ ದಿನ ಹೋದವು. ಅವತ್ತು ಅವನು ಇನ್ನೊಂದೇ ಒಂದು ದಿನ ತಡೆದುಕೊಂಡಿದ್ದರೆ ಸಾಕಿತ್ತು. ಬೇಕಾಗಿದ್ದದ್ದು ಇಷ್ಟೇ. ನಮ್ಮನೆಯವರು ನಿದ್ದೆ ಮಾಡಿ ಹೋಗಬಹುದಿತ್ತು.

ಎದ್ದು ಹಿತ್ತಲಿಗೆ ಹೋದೆ. ಹೂವುಗಳ ಮೇಲೆ ಜೇನು ಕೂತಿತ್ತು.

ಹತ್ತನೇ ದಿನ ಎಸಳು ಬಾಡಿತು. ಚೀಲ ಕಟ್ಟಿದೆ, ಸರಿಯಾದ ಹೊತ್ತಿಗೆ. ಇನ್ನು ಗಿಳಿ ಬಂದರೂ ಭಯವಿಲ್ಲ. ಹೋಗಿ ಬಾಗಿಲು ತಟ್ಟಿ, ಬಾ ಎನ್ನಬೇಕಿತ್ತು. ಹೋಗಲಿಲ್ಲ. ಹನ್ನೊಂದನೇ ದಿನವೂ ಹೋಗಲಿಲ್ಲ. ಹದಿನಾಲ್ಕನೇ ದಿನ ತಂಗಿ ಕೇಳಿದಳು, ಇನ್ನೂ ಆಗಲಿಲ್ಲವಾ ಎಂದು. ಇನ್ನೂ ಇಲ್ಲ ಎಂದೆ. ಅವಳಿಗೆ ಹೂವಿನ ವಿಷಯ ಏನು ಗೊತ್ತು. ಒಪ್ಪಿಕೊಂಡು ಹೋದಳು. ಸುಳ್ಳು ಹೇಳಿ ಊಟ ಮಾಡಿದೆ. ಊಟ ಸೇರಿತು.

ಮೂವತ್ತೊಂದು ದಿನ ತುಂಬಿದ ಮೇಲೆ ಹೋದೆ.

ಹಗಲಲ್ಲೂ ಬಲ್ಬು ಹಾಕಿಕೊಂಡು ಕೂತಿದ್ದ. ಗಡ್ಡ ಬೆಳೆದಿತ್ತು. ಮುಖ ಬಿಳಿಚಿತ್ತು. ಇನ್ನು ಹೊರಗೆ ಬರಬಹುದು ಎಂದೆ.

"ಹತ್ತನೇ ದಿನವೇ ಚೀಲ ಕಟ್ಟಿದ್ದು ನೋಡ್ದೆ ಅಕ್ಕ. ಪರದೆ ಸಂದಿಯಿಂದ."

"ನೋಡಿಯೂ ಯಾಕೆ ಬರ್ಲಿಲ್ಲ?"

ಅವನು ನನ್ನ ಕಡೆ ನೋಡಲಿಲ್ಲ. ತುದಿಯಿಲ್ಲದ ಬೆರಳಿಂದ ಮೇಜಿನ ಮೇಲಿನ ತಂತಿಯ ಚೂರುಗಳನ್ನು ಒಟ್ಟು ಮಾಡಿದ.

"ಮೂವತ್ತೊಂದು ಆಗ್ಬೇಕಿತ್ತಲ್ಲ," ಎಂದ.

ನಾನು ಮನೆಗೆ ಬಂದೆ. ನಮ್ಮನೆಯವರ ಕೊನೆಯ ದಿನಗಳನ್ನು ಅವನೂ ಎಣಿಸಿಟ್ಟಿದ್ದಾನೆ ಎಂದು ನಾನು ತಿಳಿದಿರಲಿಲ್ಲ.

ಎಂಟು ದಿನ ಬಿಟ್ಟು ಎರಡೂ ತಲೆ ಕೊಯ್ದೆ. ಉಜ್ಜಿದರೆ ಬೀಜ ಟಪಟಪ ಉದುರಿತು. ಕಚ್ಚಿ ನೋಡಿದೆ, ಗಟ್ಟಿ. ಒಂದೂವರೆ ಬೊಗಸೆ. ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಡಬ್ಬಿಗೆ ಹಾಕಿದೆ.

ಈಗಲೂ ಅವನು ಕಾಳು ಹಾಕುವುದು ಖಾಲಿ ಸೈಟಿನಲ್ಲೇ. ಆದರೂ ಅವನು ಹಿತ್ತಲಿಗೆ ಬಂದರೆ ಹತ್ತಿಪ್ಪತ್ತು ಹಾರಿ ಬಂದು ಗೋಡೆ ಹಿಡಿಯುತ್ತವೆ. ಅವನು ಕೈಬೀಸಿ ಓಡಿಸಲು ನೋಡುತ್ತಾನೆ. ಅವು ಅವನ ಕೈ ಮೇಲೇ ಕೂರುತ್ತವೆ. ನಾನು ಕಿಟಕಿ ಹಾಕಿಕೊಳ್ಳುತ್ತೇನೆ.

ಬೀಜ ಬಂದದ್ದು ಗೊತ್ತಾಗಿ ಅವನ ತಂಗಿ ಬಂದಳು. ನಮ್ಮ ಹಿತ್ತಲಲ್ಲೂ ಎರಡು ಗಿಡ ಇರಲಿ, ನಾಲ್ಕು ಬೀಜ ಕೊಡಿ, ಅಣ್ಣನೇ ಕೇಳಲು ಕಳಿಸಿದ ಎಂದಳು. ಕೊಡಲಿಲ್ಲ. ಕೊಟ್ಟರೆ ಗಿಳಿಗೇ ಹಾಕುತ್ತಾನೆ.