ನಿಲ್ದಾಣದ ದನಿಗೊಂದು ಹಳೇ ಸಿಸ್ಟಮ್

ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುವುದು ಅವರ ಕೆಲಸವಾಗಿತ್ತು. ಅವರ ಮುಖ ಗೊತ್ತಿಲ್ಲದವರೂ ತರಕಾರಿ ಅಂಗಡಿಯಲ್ಲಿ ಅವರು ಬಾಯಿ ಬಿಟ್ಟ ಕೂಡಲೇ ತಿರುಗಿ ನೋಡುತ್ತಿದ್ದರು. ಗಂಟಲಿಗೆ ಕಾಯಿಲೆ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದಾಗ, ಆಪರೇಷನ್ನಿಗೆ ಮೊದಲು ಸಾವಿರಾರು ಮಾತುಗಳನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟರು. ಆಮೇಲೆ ಅವರು ಟೈಪ್ ಮಾಡಿದ್ದನ್ನು ಒಂದು ಪ್ರೋಗ್ರಾಂ ಅವರದೇ ದನಿಯಲ್ಲಿ ಪೋಣಿಸಿ ಹೇಳುತ್ತಿತ್ತು. ಹೆಂಡತಿಯ ಜೊತೆ ಜಗಳವೂ ಹಾಗೇ ನಡೆಯುತ್ತಿತ್ತು. ಇವರು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಆಕೆ ಅಡುಗೆಮನೆ ಸೇರಿರುತ್ತಿದ್ದಳು, ಅಷ್ಟೇ.

ಒಂದು ಬೆಳಿಗ್ಗೆ ಆ ಕಂಪ್ಯೂಟರ್ ಸುಟ್ಟ ವಾಸನೆ ಬಿಟ್ಟು ಕೈಕೊಟ್ಟಿತು.

ಹೆಂಡತಿಯ ತಮ್ಮ ಲಿಫ್ಟ್ ರಿಪೇರಿಯವನು, ಕಂಪ್ಯೂಟರ್ ಜೋಡಿಸುವ ಹುಚ್ಚಿನವನು. ಹೊಸ ಭಾಗಗಳನ್ನು ತಂದು ಮೇಜಿನ ಮೇಲೆ ಹೊಸದೊಂದನ್ನು ಕಟ್ಟಿ ನಿಲ್ಲಿಸಿದ. ಪುಣ್ಯಕ್ಕೆ ಹಳೆಯ ಡಿಸ್ಕಿನಲ್ಲಿ ರೆಕಾರ್ಡಿಂಗುಗಳೆಲ್ಲ ಉಳಿದಿದ್ದವು. ಆದರೆ ಪ್ರೋಗ್ರಾಂ ಮಾತ್ರ ಜಪ್ಪಯ್ಯ ಎಂದರೂ ತೆರೆಯಲಿಲ್ಲ.

"ಅಕ್ಕಾ, ಈ ಪ್ರೋಗ್ರಾಂ ಹೊಸದರಲ್ಲಿ ಓಡಲ್ಲ, ಹಳೇ ಆಪರೇಟಿಂಗ್ ಸಿಸ್ಟಮ್ಮೇ ಹಾಕಬೇಕು."

"ಮತ್ತೆ ಆಪರೇಷನ್ನಾ?"

ಗಂಡ ಭುಜ ಕುಲುಕಿಸಿ ಸದ್ದಿಲ್ಲದೆ ನಕ್ಕರು. ಕಂಪ್ಯೂಟರ್ ಕೆಟ್ಟ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

"ಬೇಡ ಅಂದ್ರೆ ಹೊಸ ಸಿಸ್ಟಮ್ಮಲ್ಲೇ ರೆಡಿಮೇಡ್ ದನಿ ಇದೆ. ಚೆನ್ನಾಗೇ ಮಾತಾಡುತ್ತೆ."

"ಯಾರದೋ ಗಂಟಲಲ್ಲಿ ನಮ್ಮನೆಯವರು ಮಾತಾಡೋದು ಬೇಡ ಕಣೋ," ಎಂದಳು ಆಕೆ.

ಹಳೆಯ ಸಿಸ್ಟಮ್ಮಿನ ಡಿವಿಡಿ ಹಾಕಿದ ತಮ್ಮ. ಭಾಷೆ ಆರಿಸಿಕೊಳ್ಳಿ ಎಂದು ಮೊದಲ ಪರದೆ ಬಂತು. ಮೌಸ್ ಅಲ್ಲಾಡಲಿಲ್ಲ. ಕೀಬೋರ್ಡ್ ಒತ್ತಿದರೆ ಕಲ್ಲಿಗೆ ಒತ್ತಿದ ಹಾಗೆ.

"ಹಳೇದಕ್ಕೆ ಈ ಹೊಸ ಯುಎಸ್‌ಬಿ ಕಿಂಡಿಗಳ ಪರಿಚಯವೇ ಇಲ್ಲ," ಎಂದ ತಮ್ಮ, ತಲೆ ಕೆರೆದುಕೊಳ್ಳುತ್ತ. "ಹಿಂದುಗಡೆ ಒಂದು ದುಂಡು ಕಿಂಡಿ ಇದೆ. ಆ ಕಾಲದ ಕೀಬೋರ್ಡ್ ಸಿಕ್ಕಿದ್ರೆ ಕೆಲಸ ಆಗುತ್ತೆ. ಈಗ ಯಾರಿಟ್ಟಿರ್ತಾರೆ?"

ಭಾವ ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣಕ್ಕೆ ಹೊರಟೇಬಿಟ್ಟರು.

ಗಾಜಿನ ಕೋಣೆಯಲ್ಲಿ ಈಗ ಕೂರುವವಳು ಅವರಿಂದಲೇ ಕೆಲಸ ಕಲಿತವಳು. ಅವರನ್ನು ಕಂಡು ಎದ್ದು ನಿಂತಳು. ಅವರು ಗಾಳಿಯಲ್ಲಿ ಬೆರಳಾಡಿಸಿ ಟೈಪ್ ಮಾಡಿ ತೋರಿಸಿದರು. ಹೆಬ್ಬೆರಳು ತೋರುಬೆರಳು ಸೇರಿಸಿ ದುಂಡಗೆ ಮಾಡಿದರು.

"ದುಂಡು ಪಿನ್ನಿನ ಕೀಬೋರ್ಡಾ ಸರ್?" ಎನ್ನುತ್ತ ಬೀರುವಿನ ತಳದಿಂದ ಒಂದನ್ನು ಎಳೆದು ತೆಗೆದಳು. ಅಕ್ಷರ ಸವೆದಿದ್ದವು, ಧೂಳು ಬೆರಳು ದಪ್ಪ. "ನಿಮ್ಮದೇ ಇದು. ಬಿಸಾಕೋಕೆ ಮನಸ್ಸು ಬರಲಿಲ್ಲ."

ಮನೆಗೆ ತಂದು ಚುಚ್ಚಿದ ಕೂಡಲೇ ಅದರ ಹಸಿರು ದೀಪ ಹೊತ್ತಿಕೊಂಡಿತು. ಭಾವಮೈದುನ ಮೌಸ್ ಮುಟ್ಟದೆ ಒಂದೊಂದೇ ಗುಂಡಿ ಒತ್ತುತ್ತ ಸಿಸ್ಟಮ್ ಹಾಕಿದ, ಉಳಿದ ಕಿಂಡಿಗಳಿಗೂ ಜೀವ ತುಂಬಿದ. "ಇಂಟರ್ನೆಟ್ ಮಾತ್ರ ಇದಕ್ಕೆ ಹಚ್ಚಬೇಡಿ ಭಾವ, ಹಳೇದು, ವೈರಸ್ ನುಗ್ಗುತ್ತೆ," ಎಂದು ಹೇಳಿ, ಪ್ರೋಗ್ರಾಂ ತೆರೆದು, ಕುರ್ಚಿ ಬಿಟ್ಟು ಎದ್ದ.

ಅವರು ಟೈಪ್ ಮಾಡಿದರು.

"ಎಲ್ಲರೂ ಊಟ ಮಾಡಿ ಮೊದಲು," ಎಂದಿತು ಅವರ ದನಿ, ಬಸ್ಸು ಹೊರಡಿಸುವಷ್ಟು ಗಟ್ಟಿಯಾಗಿ.

ಹೆಂಡತಿ ಬಾಗಿಲಿಗೆ ಒರಗಿ ಉಸಿರು ಬಿಟ್ಟಳು. ಆದರೆ ಅವರು ಊಟಕ್ಕೆ ಏಳಲಿಲ್ಲ. ಆಪರೇಷನ್ನಿನ ವಿಷಯವೇ ಗೊತ್ತಿಲ್ಲದ ತಮ್ಮ ಸ್ವಂತ ಅಕ್ಕನಿಗೆ ಫೋನ್ ಹಚ್ಚಿ, ಸ್ಪೀಕರಿನ ಹತ್ತಿರ ಹಿಡಿದು, "ಹೇಗಿದ್ದೀಯ ಅಕ್ಕ?" ಎಂದು ಟೈಪ್ ಮಾಡಿದರು.

"ಯಾಕೋ ಇಷ್ಟು ದಿನ ಮಾತೇ ಇಲ್ಲ? ದನಿ ಸ್ವಲ್ಪ ದಪ್ಪ ಕೇಳಿಸ್ತಿದೆ, ಶೀತ ಆಗಿತ್ತಾ?" ಎಂದಳು ಅಕ್ಕ.

"ಈಗ ಆರಾಮ ಅಕ್ಕ," ಎಂದು ಟೈಪ್ ಮಾಡಿ, ಗಲ್ಲಕ್ಕೆ ಕೈ ಕೊಟ್ಟು, ಅವಳ ಮಂಡಿನೋವಿನ ಕಥೆ ಕೇಳುತ್ತ ಕೂತರು.